ಸುತ್ತಿ ಕಟ್ಟಿ ತೂಗುಹಾಕುವ ಪಟ್ಟಿ: ಔಷಧಿ ಪೈಪಿನ ಸುರುಳಿಗಾಗಿ ಮನೆಯಲ್ಲೇ ಹೊಲಿಯುವ ಕ್ರಮ

ಮಲೆನಾಡಿನ ಅಥವಾ ಕರಾವಳಿಯ ಅಡಿಕೆ ಬೆಳೆಗಾರರ ಯಾವ ಮನೆಯ ಕೊಟ್ಟಿಗೆಗೆ ಹೋದರೂ ಗೋಡೆಯ ಗೂಟದಲ್ಲಿ ಔಷಧಿ ಪೈಪಿನ ಒಂದು ಸುರುಳಿ ತೂಗುತ್ತಿರುತ್ತದೆ. ಅದನ್ನು ಕಟ್ಟಿರುವ ವಸ್ತು ಮಾತ್ರ ಮನೆಯಿಂದ ಮನೆಗೆ ಬೇರೆ: ಒಂದು ಕಡೆ ಬಾಳೆನಾರು, ಇನ್ನೊಂದು ಕಡೆ ಪ್ಲಾಸ್ಟಿಕ್ ಹಗ್ಗ, ಮತ್ತೊಂದು ಕಡೆ ಸೈಕಲ್ ಟ್ಯೂಬಿನ ಸೀಳು. ಬಾಳೆನಾರು ಒಂದೇ ಮಳೆಗಾಲಕ್ಕೆ ಕೊಳೆಯುತ್ತದೆ. ಪ್ಲಾಸ್ಟಿಕ್ ಹಗ್ಗದ ಗಂಟು ಭಾರಕ್ಕೆ ಬಿಗಿದುಕೊಂಡು, ಮುಂದಿನ ಸಲ ಬಿಚ್ಚಲು ಬಾರದೆ ಕತ್ತಿಯಿಂದ ಕೊಯ್ಯಬೇಕಾಗುತ್ತದೆ. ಟ್ಯೂಬಿನ ಸೀಳು ಎಳೆದಷ್ಟೂ ಹಿಗ್ಗಿ, ಸುರುಳಿಯನ್ನು ನೆಲಕ್ಕೆ ಮುಟ್ಟಿಸುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು ಎಂಬ ತಾಮ್ರದ ಲವಣಕ್ಕೆ ಸುಣ್ಣ ಬೆರೆಸಿದ ದ್ರಾವಣ) ಹೊಡೆಯುವ ಕೆಲಸ ಮಳೆಗಾಲದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬರುವುದರಿಂದ, ಇದೇ ಸುರುಳಿಯನ್ನು ಮತ್ತೆ ಮತ್ತೆ ಬಿಚ್ಚಿ, ಸುತ್ತಿ, ತೂಗುಹಾಕಬೇಕು. ಒದ್ದೆ ಕೈಯಲ್ಲಿ, ಮಬ್ಬು ಬೆಳಕಿನಲ್ಲಿ, ಒಬ್ಬರೇ ಬಳಸಬಹುದಾದ ಒಂದು ಪಟ್ಟಿಯನ್ನು ಹೇಗೆ ಲೆಕ್ಕಹಾಕಿ ಹೊಲಿಯಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಅಳತೆ ಬದಲಿಸಿದರೆ ಇದೇ ಪಟ್ಟಿ ತೋಟದ ನೀರಿನ ಪೈಪಿಗೂ ಹಗ್ಗದ ಸುರುಳಿಗೂ ಒದಗುತ್ತದೆ.

ಮೊದಲು ಭಾರದ ಲೆಕ್ಕ

ಪಟ್ಟಿಯನ್ನು ಕತ್ತರಿಸುವ ಮೊದಲು ಅದು ಎಷ್ಟು ಭಾರ ಹೊರಬೇಕು ಎಂಬುದು ತಿಳಿದಿರಬೇಕು. 8.5 ಮಿ.ಮೀ. ಒಳವ್ಯಾಸದ, ಸುಮಾರು 14 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಅದರ 100 ಮೀಟರಿನ ಸುರುಳಿ ಹೆಚ್ಚುಕಡಿಮೆ ಹನ್ನೆರಡೂವರೆ ಕಿಲೋ ತೂಗುತ್ತದೆ. ಇಲ್ಲಿಗೆ ಲೆಕ್ಕ ಮುಗಿಯಿತೆಂದುಕೊಳ್ಳುವವರೇ ಹೆಚ್ಚು. ಆದರೆ ಪೈಪಿನೊಳಗೆ ಉಳಿಯುವ ನೀರನ್ನೂ ಸೇರಿಸಬೇಕು: ಆ ಒಳವ್ಯಾಸದಲ್ಲಿ 100 ಮೀಟರಿಗೆ ಐದೂವರೆ ಲೀಟರಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಪೈಪನ್ನು ಬಸಿಯದೆ ಸುತ್ತಿಟ್ಟರೆ ಗೂಟಕ್ಕೆ ಬೀಳುವ ಭಾರ 18 ಕಿಲೋ. ಬಸಿದೇ ಸುತ್ತುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ, ಸಂಜೆ ಜೋರು ಮಳೆ ಹಿಡಿದ ದಿನ ಯಾರೂ ಬಸಿಯುವುದಿಲ್ಲ. ಆದ್ದರಿಂದ 18 ಕಿಲೋವನ್ನೇ ಹಿಡಿದು ಮುಂದುವರಿಯೋಣ.

ವೆಲ್ಕ್ರೋ ಎಲ್ಲಿ ಬಲ, ಎಲ್ಲಿ ದುರ್ಬಲ

ಗಂಟಿಲ್ಲದೆ ಕಟ್ಟಿ ಬಿಚ್ಚಲು ವೆಲ್ಕ್ರೋ ಅನುಕೂಲ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಲ್ 1941ರಲ್ಲಿ ತನ್ನ ಬಟ್ಟೆಗೂ ನಾಯಿಯ ರೋಮಕ್ಕೂ ಅಂಟಿದ್ದ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದರ ಕಲ್ಪನೆ ಪಡೆದನು. ಉತ್ತರಾಣಿಯ ಪೊದೆಯಲ್ಲಿ ಹಾದು ಬಂದ ಪಂಚೆಯನ್ನು ಬಿಡಿಸುತ್ತ ಕುಳಿತವರಿಗೆ ಅಂಟಿಕೊಳ್ಳುವ ಈ ಪರಿಯನ್ನು ಹೊಸದಾಗಿ ವಿವರಿಸಬೇಕಿಲ್ಲ. ಒಂದು ಬದಿಯಲ್ಲಿ ಕೊಕ್ಕೆಗಳ ಒರಟು ಪಟ್ಟಿ, ಇನ್ನೊಂದು ಬದಿಯಲ್ಲಿ ದಾರದ ಸಣ್ಣ ಕುಣಿಕೆಗಳ ಮೆತ್ತನೆಯ ಪಟ್ಟಿ.

ಒಂದು ಸಣ್ಣ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ ನೋಡಬಹುದು. ಬೆರಳುದ್ದದ ಎರಡು ತುಂಡುಗಳನ್ನು ಒಂದರ ಮೇಲೊಂದು ಒತ್ತಿ ಕೂಡಿಸಿ, ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಉದ್ದಕ್ಕೆ ಎಳೆಯಿರಿ. ದೊಡ್ಡವರು ಬಲ ಹಾಕಿದರೂ ಅದು ಸುಲಭಕ್ಕೆ ಜಾರುವುದಿಲ್ಲ. ಅದೇ ಜೋಡಿಯ ಮೂಲೆಯನ್ನು ಉಗುರಿನಿಂದ ಎತ್ತಿ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯಿರಿ. ಮಗು ಕೂಡ ಬಿಡಿಸುತ್ತದೆ. ಉದ್ದಕ್ಕೆ ಎಳೆದಾಗ ಸಾವಿರಾರು ಕೊಕ್ಕೆಗಳು ಒಟ್ಟಿಗೆ ಭಾರ ಹೊರುತ್ತವೆ, ಸುಲಿದಾಗ ಒಂದೊಂದು ಸಾಲು ಮಾತ್ರ. ಬಿಚ್ಚುವುದು ಸುಲಭವಾಗಿರಲೆಂದೇ ಈ ದೌರ್ಬಲ್ಯ ಇದೆ. ಆದರೆ ತೂಗುವ ಭಾರ ಎಂದೂ ಸುಲಿಯುವ ದಿಕ್ಕಿನಲ್ಲಿ ಬೀಳಬಾರದು.

ನಾನು ಮೊದಲು ಹೊಲಿದ ಪಟ್ಟಿಯಲ್ಲಿ ಈ ತಪ್ಪೇ ಆಗಿತ್ತು. ನೋಟಕ್ಕೆ ಚೆನ್ನಾಗಿರಲೆಂದು ತೂಗುವ ಕುಣಿಕೆಯನ್ನು ವೆಲ್ಕ್ರೋ ಇರುವ ಕೊನೆಯಲ್ಲೇ ಇಟ್ಟಿದ್ದೆ. ಸುರುಳಿಯನ್ನು ಗೂಟಕ್ಕೆ ಹಾಕಿದಾಗ ಅಲುಗಾಡದೆ ನಿಂತಿತು, ಎರಡು ದಿನ ಹಾಗೆಯೇ ಇತ್ತು. ಮೂರನೆಯ ದಿನ ಬೆಳಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದರೆ ಪೈಪು ಪೂರ್ತಿ ನೆಲದಲ್ಲಿ ಹರಡಿತ್ತು, ಬರಿಯ ಪಟ್ಟಿ ಗೂಟದಲ್ಲಿ ನೇತಾಡುತ್ತಿತ್ತು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಕುಣಿಕೆ ವೆಲ್ಕ್ರೋದ ತುದಿಯನ್ನು ಮೇಲಕ್ಕೆತ್ತುತ್ತ, ರಾತ್ರಿಯಿಡೀ ಸಾಲು ಸಾಲಾಗಿ ಸುಲಿದಿತ್ತು. ಕಟ್ಟುವ ಕೆಲಸ ಬೇರೆ, ತೂಗುವ ಕೆಲಸ ಬೇರೆ ಎಂದು ಎರಡನ್ನೂ ಬಿಡಿಸಿ ನೋಡಿದ ಮೇಲೆಯೇ ಈ ಪಟ್ಟಿಯ ಸರಿಯಾದ ರೂಪ ಸಿಕ್ಕಿದ್ದು.

ಆ ರೂಪ ಹೀಗಿದೆ. ಪಟ್ಟಿಯ ಒಂದು ಕೊನೆಯಲ್ಲಿ ಚೌಕ ರಿಂಗು ಖಾಯಂ ಆಗಿ ಹೊಲಿದಿರುತ್ತದೆ. ತೂಗುವ ಕುಣಿಕೆಯೂ ಆ ಕೊನೆಯಲ್ಲೇ ಇರುತ್ತದೆ. ಇನ್ನೊಂದು ಕೊನೆ ಸುರುಳಿಯನ್ನು ಬಳಸಿ ಬಂದು, ರಿಂಗಿನೊಳಗೆ ತೂರಿ, ಹಿಂದಕ್ಕೆ ಮಡಚಿ, ತನ್ನ ಮೇಲೆಯೇ ಅಂಟಿಕೊಳ್ಳುತ್ತದೆ. ಹೀಗೆ ತೂಗಿದಾಗ 18 ಕಿಲೋ ಭಾರವು ಸುರುಳಿಯ ಎರಡು ಮಗ್ಗುಲಲ್ಲಿ ಮೇಲೇರುವ ಪಟ್ಟಿಯ ಎರಡು ಕಾಲುಗಳಿಗೆ ಒಂಬತ್ತು ಒಂಬತ್ತಾಗಿ ಹಂಚಿಹೋಗುತ್ತದೆ. ರಿಂಗಿನಲ್ಲಿ ತೂರಿ ಮಡಚಿದ ಕಡೆ ಮತ್ತೆ ಎರಡು ಪದರ ಇರುವುದರಿಂದ, ವೆಲ್ಕ್ರೋಗೆ ಮುಟ್ಟುವುದು ನಾಲ್ಕೂವರೆ ಕಿಲೋ ಮಾತ್ರ, ಅದೂ ಉದ್ದಕ್ಕೆ ಎಳೆಯುವ ದಿಕ್ಕಿನಲ್ಲಿ. ಪೈಪಿನ ಮೈಗೂ ರಿಂಗಿಗೂ ಪಟ್ಟಿ ಉಜ್ಜುವುದರಿಂದ ಆ ನಾಲ್ಕೂವರೆಯಲ್ಲೂ ಒಂದಷ್ಟು ತಗ್ಗುತ್ತದೆ.

ಸಾಮಾನು ಆಯ್ಕೆ

ಪಟ್ಟಿಗೆ ಚೀಲದ ಹೆಗಲಿಗೆ ಹಾಕುವ 38 ಮಿ.ಮೀ. ಅಗಲದ ಪಾಲಿಪ್ರೊಪಿಲೀನ್ ಪಟ್ಟಿಯನ್ನು ತೆಗೆದುಕೊಳ್ಳಬಹುದು. ಬ್ಯಾಗ್ ಹೊಲಿಯುವ ಸಾಮಾನಿನ ಅಂಗಡಿಯಲ್ಲಿ ಇದು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅಂಗಡಿಯವರು ಎಲ್ಲವನ್ನೂ ನೈಲಾನ್ ಪಟ್ಟಿ ಎಂದೇ ಕರೆಯುವುದುಂಟು. ಹಳೆಯ ಮಂಚದ ಹತ್ತಿ ನವಾರ ಎಷ್ಟೇ ಗಟ್ಟಿಯಾಗಿ ಕಂಡರೂ ಈ ಕೆಲಸಕ್ಕೆ ಬೇಡ, ಜುಲೈ ತಿಂಗಳ ತೇವಕ್ಕೆ ಬೂಷ್ಟು ಹಿಡಿದು ಅದು ಒಳಗೊಳಗೇ ಲಡ್ಡಾಗುತ್ತದೆ. ನಿಜವಾದ ನೈಲಾನ್ ಪಟ್ಟಿ ಬಲವಾದದ್ದೇ, ಆದರೆ ನೀರು ಕುಡಿದು ಸ್ವಲ್ಪ ಹಿಗ್ಗುತ್ತದೆ. ಪಾಲಿಪ್ರೊಪಿಲೀನ್ ನೀರು ಹೀರುವುದಿಲ್ಲ, ಸುಣ್ಣಕ್ಕೂ ಮೈಲುತುತ್ತಿಗೂ ಜಗ್ಗುವುದಿಲ್ಲ. ಅದರ ಶತ್ರು ಬಿಸಿಲು. ಸುರುಳಿಯನ್ನು ವರ್ಷವಿಡೀ ಅಂಗಳದ ಬಿಸಿಲಲ್ಲಿ ತೂಗಿಡುವವರು ಪಾಲಿಯೆಸ್ಟರ್ ಪಟ್ಟಿಯನ್ನೇ ಕೇಳಿ ಪಡೆಯುವುದು ಒಳ್ಳೆಯದು. 20 ಅಥವಾ 25 ಮಿ.ಮೀ. ಅಗಲದ ಕಿರಿದಾದ ಪಟ್ಟಿಯಿಂದ ದುಡ್ಡು ಉಳಿಯುತ್ತದೆ, ಆದರೆ ಅದು ಪೈಪಿನ ಮೈಯಲ್ಲಿ ಹೂತು ಅಡಿಯ ಸುತ್ತುಗಳನ್ನು ಚಪ್ಪಟೆ ಮಾಡುತ್ತದೆ.

ರಿಂಗಿನ ವಿಷಯದಲ್ಲಿ ಜಿಪುಣತನ ಮಾಡಬಾರದು. ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಹೆಚ್ಚಾಗಿದೆಯೇ ಎಂದು ತಿಳಿಯಲು ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡುವ ಪದ್ಧತಿ ಬೆಳೆಗಾರರಿಗೆಲ್ಲ ಗೊತ್ತು. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಕಬ್ಬಿಣ ಕರಗಿ ತಾಮ್ರ ಕೂರುವ ಅದೇ ಕ್ರಿಯೆ ಅಗ್ಗದ ಕಬ್ಬಿಣದ ರಿಂಗಿನ ಮೇಲೂ ನಡೆಯುತ್ತದೆ. ಮೇಲಿನ ಹೊಳಪಿನ ಲೇಪ ಒಂದು ಕಡೆ ತರಚಿದರೆ ಸಾಕು, ಅಲ್ಲಿಂದ ತುಕ್ಕು ಶುರುವಾಗಿ ಆ ಒರಟು ಅಂಚು ಪಟ್ಟಿಯನ್ನು ಗರಗಸದಂತೆ ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಚೌಕ ರಿಂಗು, ಅದು ಸಿಗದಿದ್ದರೆ ದಪ್ಪನೆಯ ಪ್ಲಾಸ್ಟಿಕ್ ರಿಂಗು ತನ್ನಿ. ಒಳಗಿನ ಅಗಲ 40 ಮಿ.ಮೀ., ಒಳಗಿನ ಎತ್ತರ ಕನಿಷ್ಠ 12 ಮಿ.ಮೀ. ಇರಲಿ, ಇದಕ್ಕಿಂತ ಕಡಿಮೆಯಾದರೆ ವೆಲ್ಕ್ರೋ ಹೊಲಿದ ಕೊನೆ ಅದರಲ್ಲಿ ಸಲೀಸಾಗಿ ತೂರುವುದಿಲ್ಲ.

ವೆಲ್ಕ್ರೋವನ್ನು ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಕೊಳ್ಳಿ. 38 ಮಿ.ಮೀ. ಅಗಲದ್ದು ಸಿಕ್ಕರೆ ಒಳಿತು, ಇಲ್ಲದಿದ್ದರೆ 25 ಮಿ.ಮೀ. ಅಗಲದ್ದನ್ನು ಪಟ್ಟಿಯ ನಡುವೆ ಹೊಲಿದರೂ ಮೇಲಿನ ಭಾರಕ್ಕೆ ಸಾಕಾಗುತ್ತದೆ. ಹಿಂದೆ ಗೋಂದು ಇರುವ ವೆಲ್ಕ್ರೋವನ್ನು ಮಾತ್ರ ತರಬೇಡಿ, ಹೊಲಿಯುವಾಗ ಗೋಂದು ಸೂಜಿಗೆ ಮೆತ್ತಿಕೊಂಡು ದಾರ ಹರಿಯುತ್ತದೆ. ದಾರ ಪಾಲಿಯೆಸ್ಟರಿನದಿರಲಿ, ಸೂಜಿ 16 ಅಥವಾ 18ನೇ ನಂಬರಿನದಿರಲಿ.

ಉದ್ದದ ಲೆಕ್ಕ

ಎಲ್ಲರೂ ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಸುರುಳಿಯನ್ನು ನೀವು ಯಾವಾಗಲೂ ಸುತ್ತುವ ರೀತಿಯಲ್ಲೇ ಸುತ್ತಿ, ಪಟ್ಟಿ ಬರುವ ಜಾಗದಲ್ಲಿ ಒಂದು ದಾರವನ್ನು ಬಿಗಿಯಾಗಿ ಬಳಸಿ, ಆ ದಾರವನ್ನು ಟೇಪಿನಲ್ಲಿ ಅಳೆಯಿರಿ. 60 ಸೆಂ.ಮೀ. ವ್ಯಾಸದಲ್ಲಿ ಸುತ್ತಿದ 100 ಮೀಟರ್ ಪೈಪಿನ ಕಟ್ಟು ಬಿಗಿಯಾಗಿ ಹಿಡಿದಾಗ ಸುಮಾರು 42 ಸೆಂ.ಮೀ. ಸುತ್ತಳತೆಗೆ ಬರುತ್ತದೆ. ಅವಸರದಲ್ಲಿ ಸುತ್ತಿದ ದಿನ ಇದು ಹತ್ತು ಸೆಂ.ಮೀ. ಹೆಚ್ಚಾಗಬಹುದು. ಅಂದರೆ ಪಟ್ಟಿ 42ರಿಂದ 52 ಸೆಂ.ಮೀ. ತನಕದ ಯಾವ ಸುತ್ತಳತೆಗೂ ಹೊಂದಿಕೊಳ್ಳಬೇಕು.

ಹೊಂದಾಣಿಕೆಗೆ ಹತ್ತು ಸೆಂ.ಮೀ. ಬೇಕಾದರೆ ಮೆತ್ತನೆಯ ವೆಲ್ಕ್ರೋವನ್ನು ಹತ್ತು ಸೆಂ.ಮೀ. ಹೆಚ್ಚು ಹಾಕಿದರೆ ಸಾಕೆಂದು ತೋರುವುದು ಸಹಜ. ಸಾಕಾಗುವುದಿಲ್ಲ. ಪಟ್ಟಿ ರಿಂಗಿನಲ್ಲಿ ಮಡಚಿ ಹಿಂದಿರುಗುವುದರಿಂದ, ನೀವು ಒಂದು ಸೆಂ.ಮೀ. ಎಳೆದು ಬಿಗಿ ಮಾಡಿದರೆ ಕೊಕ್ಕೆಯ ಭಾಗ ಅಂಟುವ ಜಾಗ ಎರಡು ಸೆಂ.ಮೀ. ಸರಿಯುತ್ತದೆ. ಕಾಗದದ ಪಟ್ಟಿಯೊಂದನ್ನು ಮಡಚಿ ಗುರುತು ಹಾಕಿ ನೋಡಿದರೆ ಇದು ಕೂಡಲೇ ಮನಸ್ಸಿಗೆ ಬರುತ್ತದೆ. ಹಾಗಾಗಿ ಮೆತ್ತನೆಯ ಭಾಗದ ಉದ್ದದಿಂದ ಕೊಕ್ಕೆಯ ಭಾಗದ ಉದ್ದವನ್ನು ಕಳೆದು, ಉಳಿದದ್ದರ ಅರ್ಧ ತೆಗೆದುಕೊಂಡರೆ ಪಟ್ಟಿಯ ಹೊಂದಾಣಿಕೆಯ ವ್ಯಾಪ್ತಿ ಸಿಗುತ್ತದೆ. ಕೊಕ್ಕೆಯ ಭಾಗ 10 ಸೆಂ.ಮೀ., ಮೆತ್ತನೆಯ ಭಾಗ 30 ಸೆಂ.ಮೀ. ಇಟ್ಟರೆ ನಮಗೆ ಬೇಕಾದ 10 ಸೆಂ.ಮೀ. ವ್ಯಾಪ್ತಿ ಸರಿಯಾಗಿ ಬರುತ್ತದೆ.

ಇಡೀ ಪಟ್ಟಿಯನ್ನು 75 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಬಿಡಿ ತುದಿಯಿಂದ ಅಳೆಯುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ:

3 ಸೆಂ.ಮೀ. — ತುದಿಯನ್ನು ಮಡಚುವ ಗೆರೆ.
6ರಿಂದ 16 ಸೆಂ.ಮೀ. — ಕೊಕ್ಕೆಯ ಒರಟು ಭಾಗ.
16ರಿಂದ 46 ಸೆಂ.ಮೀ. — ಮೆತ್ತನೆಯ ಭಾಗ.
68 ಸೆಂ.ಮೀ. — ರಿಂಗು ಬರುವ ಮಡಿಕೆ. ಅದರಾಚೆಯ 7 ಸೆಂ.ಮೀ. ಹಿಂದಕ್ಕೆ ಮಡಚಿ ಹೊಲಿಯಲು.

ಬೇರೆ ಅಳತೆಯ ಸುರುಳಿಗೆ ಮಾಡುವವರು 46 ಮತ್ತು 68ರ ನಡುವಿನ ಖಾಲಿ ಜಾಗವನ್ನು ಹಿಗ್ಗಿಸಿದರೆ ಸಾಕು, ಉಳಿದ ಅಳತೆಗಳನ್ನು ಮುಟ್ಟಬೇಕಿಲ್ಲ. ತೂಗುವ ಕುಣಿಕೆಗಾಗಿ 25 ಮಿ.ಮೀ. ಅಗಲದ ಪಟ್ಟಿಯ 30 ಸೆಂ.ಮೀ. ತುಂಡೊಂದನ್ನು ಬೇರೆಯಾಗಿ ಕತ್ತರಿಸಿಕೊಳ್ಳಿ.

ಕತ್ತರಿಸುವುದು, ಹೊಲಿಯುವುದು

ಪ್ಲಾಸ್ಟಿಕ್ ಪಟ್ಟಿಯ ಕತ್ತರಿಸಿದ ತುದಿ ಎಳೆ ಬಿಡುತ್ತದೆ. ಕತ್ತರಿಸಿದ ಕೂಡಲೇ ಮೇಣದ ಬತ್ತಿಯ ಜ್ವಾಲೆಯ ಪಕ್ಕಕ್ಕೆ, ಜ್ವಾಲೆಗೆ ತಾಗದಷ್ಟು ದೂರದಲ್ಲಿ ಹಿಡಿಯಿರಿ. ಎಳೆಗಳ ತುದಿ ಕರಗಿ ಮಿರುಗುವಷ್ಟರಲ್ಲಿ ತೆಗೆಯಿರಿ. ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಇದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಕರಗಿದ ಅಂಚನ್ನು ಬೆರಳಿನಿಂದ ಒತ್ತುವ ಚಪಲ ಬೇಡ, ಅದು ಚರ್ಮಕ್ಕೆ ಅಂಟಿ ಸುಡುತ್ತದೆ. ಹಳೆಯ ಚಮಚದ ಬೆನ್ನಿನಿಂದ ಒತ್ತಿ ಚಪ್ಪಟೆ ಮಾಡಿ. ಕಪ್ಪು ಉಂಡೆ ಕಟ್ಟುವಷ್ಟು ಸುಟ್ಟರೆ ಆ ಉಂಡೆ ರಿಂಗಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅಷ್ಟನ್ನು ಕತ್ತರಿಸಿ ಮತ್ತೆ ಮಾಡಬೇಕು.

ಮೊದಲು ವೆಲ್ಕ್ರೋ ಹೊಲಿಯಿರಿ. ಕೊಕ್ಕೆಯ ಭಾಗವೂ ಮೆತ್ತನೆಯ ಭಾಗವೂ ಪಟ್ಟಿಯ ಒಂದೇ ಮುಖದಲ್ಲಿ, ಅಂದರೆ ಪೈಪಿಗೆ ತಾಗದ ಹೊರಮುಖದಲ್ಲಿ ಬರಬೇಕು. ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಹೊಲಿಯುವುದು ರಿಂಗಿಲ್ಲದೆ ಸುಮ್ಮನೆ ಸುತ್ತುವ ಪಟ್ಟಿಗೆ ಸರಿ. ನಮ್ಮ ಪಟ್ಟಿ ರಿಂಗಿನಲ್ಲಿ ತಿರುಗಿ ಬರುವುದರಿಂದ ಹೊರಮುಖ ಹೊರಮುಖಕ್ಕೇ ಕೂಡುತ್ತದೆ. ಅಂಚಿನಿಂದ ಎರಡು ಮಿ.ಮೀ. ಒಳಗೆ ನಾಲ್ಕು ಬದಿಯಲ್ಲೂ ಹೊಲಿಗೆ ಹಾಕಿ, ಟಾಕು 3ರಿಂದ 4 ಮಿ.ಮೀ. ಉದ್ದವಿರಲಿ. ತೀರ ಸಣ್ಣ ಟಾಕು ಹಾಕಿದರೆ ಸೂಜಿಯ ತೂತುಗಳು ಒತ್ತೊತ್ತಾಗಿ, ಅಂಚೆಚೀಟಿಯ ಹಾಳೆಯಂತೆ ಪಟ್ಟಿ ಆ ಸಾಲಿನಲ್ಲೇ ಹರಿಯುತ್ತದೆ. ಬಳಿಕ ತುದಿಯ 3 ಸೆಂ.ಮೀ. ಭಾಗವನ್ನು ಒಳಮುಖದ ಕಡೆಗೆ ಮಡಚಿ ಹೊಲಿಯಿರಿ. ವೆಲ್ಕ್ರೋ ಇಲ್ಲದ ಈ ದಪ್ಪ ತುದಿಯೇ ಹಿಡಿ. ಕೈಗೆ ಸುಣ್ಣ ಮೆತ್ತಿದ್ದಾಗಲೂ ಕಣ್ಣಿಲ್ಲದೆ ಹುಡುಕಿ ಎಳೆಯಬಹುದು.

ಈಗ ರಿಂಗಿನ ಕೊನೆ. ಪಟ್ಟಿಯನ್ನು ರಿಂಗಿನೊಳಗೆ ತೂರಿಸಿ 68ರ ಗುರುತಿನಲ್ಲಿ ಒಳಮುಖದ ಕಡೆಗೆ ಮಡಚಿ. 25 ಮಿ.ಮೀ. ಪಟ್ಟಿಯ ತುಂಡನ್ನು ಎರಡಾಗಿ ಮಡಚಿ, ಅದರ ಎರಡೂ ತುದಿಗಳನ್ನು ಒಂದರ ಮೇಲೊಂದಿಟ್ಟು, ಈ ಮಡಿಕೆಯ ಹೊರಮುಖದ ಮೇಲೆ 5 ಸೆಂ.ಮೀ. ಉದ್ದಕ್ಕೆ ಕೂರಿಸಿ; ಉಳಿದ 10 ಸೆಂ.ಮೀ. ಕುಣಿಕೆಯಾಗಿ ರಿಂಗನ್ನು ದಾಟಿ ಮುಂದಕ್ಕೆ ಚಾಚಿರಬೇಕು. ಒಂದು ತುದಿ ಮೇಲೆ, ಇನ್ನೊಂದು ತುದಿ ಕೆಳಗೆ ಇಟ್ಟು ಪಟ್ಟಿಯನ್ನು ನಡುವೆ ಹಿಡಿದರೆ ಇನ್ನೂ ಗಟ್ಟಿಯಾದೀತೆಂದು ನಾನೊಮ್ಮೆ ಮಾಡಿ ನೋಡಿದ್ದೆ, ಕುಣಿಕೆಯ ಕೆಳಗಿನ ಕಾಲು ರಿಂಗಿನ ಬಾಯಿಗೆ ಅಡ್ಡ ಬಂದು ಪಟ್ಟಿ ತೂರಿಸುವುದೇ ಸರ್ಕಸ್ ಆಯಿತು. ಎರಡೂ ತುದಿ ಹೊರಮುಖದಲ್ಲೇ ಇರಲಿ.

ಒಟ್ಟು ನಾಲ್ಕು ಪದರಗಳ ಮೇಲೆ ಚೌಕವಾಗಿ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಹಾಕಿ. ಶಾಲಾ ಚೀಲದ ಹೆಗಲುಪಟ್ಟಿಯ ಬುಡದಲ್ಲಿ ಕಾಣುವ ಗುಣಾಕಾರ ಚಿಹ್ನೆಯ ಹೊಲಿಗೆ ಇದೇ. ಇಡೀ ಹೊಲಿಗೆಯನ್ನು ಎರಡು ಸಲ ಸುತ್ತಿ ಬನ್ನಿ. ಸಾಮಾನ್ಯ ಮನೆಬಳಕೆಯ ಯಂತ್ರ ನಾಲ್ಕು ಪದರಕ್ಕೆ ಮುಗ್ಗರಿಸಿದರೆ, ಮೋಟಾರು ಬಿಟ್ಟು ಗಾಲಿಯನ್ನು ಕೈಯಲ್ಲೇ ತಿರುಗಿಸಿ ಒಂದೊಂದೇ ಟಾಕು ಹಾಕಬಹುದು. ಅದೂ ಆಗದಿದ್ದರೆ ಬ್ಯಾಗ್ ರಿಪೇರಿಯವರಲ್ಲಿಗೆ ಒಯ್ದು ಈ ಒಂದು ಚೌಕವನ್ನು ಮಾತ್ರ ಹೊಲಿಸಿಕೊಳ್ಳಿ. ಅವರ ಯಂತ್ರಕ್ಕೆ ಇದು ಎರಡು ನಿಮಿಷದ ಕೆಲಸ. ಪಟ್ಟಿಗೆ ತೂತು ಕೊರೆದು ಹಿತ್ತಾಳೆಯ ಐಲೆಟ್ ಒತ್ತಿಸುವ ಸಲಹೆಯನ್ನು ಅಲ್ಲಿ ಯಾರಾದರೂ ಕೊಟ್ಟಾರು. ಬ್ಯಾನರಿಗೆ ಅದು ಚೆಂದ, ಇಲ್ಲಿ ಬೇಡ: ಭಾರ ಹೊರಬೇಕಾದ ಎಳೆಗಳನ್ನೇ ಅದು ನಡುವೆ ಕತ್ತರಿಸುತ್ತದೆ.

ಪರೀಕ್ಷೆ

ಹೊಸ ಪಟ್ಟಿಯನ್ನು ಹೊಲಿದ ದಿನವೇ ತಲೆಯ ಮಟ್ಟಕ್ಕಿಂತ ಮೇಲೆ ತೂಗಬೇಡಿ. ಸುರುಳಿಯನ್ನು ಕಟ್ಟಿ, ನೆಲದಿಂದ ಒಂದು ಗೇಣು ಮೇಲೆ ಬರುವಂತೆ ತೂಗಿಸಿ, ಅದಕ್ಕೇ 18 ಲೀಟರ್ ನೀರು ತುಂಬಿದ ಬಕೆಟ್ಟೊಂದನ್ನು ಹಗ್ಗದಿಂದ ಕಟ್ಟಿ. ವೆಲ್ಕ್ರೋದ ಮೇಲಿನ ಪದರ ಮುಗಿಯುವ ಜಾಗದಲ್ಲಿ ಕೆಳಗಿನ ಪದರದ ಮೇಲೆ ಪೆನ್ನಿನಿಂದ ಗೆರೆ ಎಳೆದು, ಒಂದು ರಾತ್ರಿ ಹಾಗೆಯೇ ಬಿಡಿ. ಬೆಳಗ್ಗೆ ತುದಿ ಗೆರೆಯಲ್ಲೇ ಇದ್ದರೆ ವೆಲ್ಕ್ರೋ ಸರಿಯಾಗಿದೆ. ಸರಿದಿದ್ದರೆ ಕೊಕ್ಕೆಯ ಭಾಗ ಅಗ್ಗದ ಮಾಲು, ಅದನ್ನು ಬಿಚ್ಚಿ ಬೇರೆಯದನ್ನು ಹಾಕಬೇಕು. ಚೌಕ ಹೊಲಿಗೆಯ ರಿಂಗಿನ ಕಡೆಯ ಸಾಲನ್ನು ಬೆಳಕಿಗೆ ಹಿಡಿದು ನೋಡಿ. ಮೊದಲು ದಾರ ಬಿಡುವುದು ಅಲ್ಲಿಯೇ.

ಗೋಡೆಯ ಗೂಟವನ್ನೂ ಇದೇ ಹೊತ್ತಿನಲ್ಲಿ ಗಮನಿಸಬೇಕು. ಬಡಿದ ಮೊಳೆಯ ತೆಳುವಾದ ಅಂಚು ಕುಣಿಕೆಯನ್ನು ಒಂದೇ ಗೆರೆಯಲ್ಲಿ ಕೊಯ್ಯುತ್ತದೆ. 10 ಅಥವಾ 12 ಮಿ.ಮೀ. ದಪ್ಪದ ದುಂಡು ಸರಳಿನ ಕೊಕ್ಕೆ, ಅಥವಾ ಹಿಂದಿನವರು ಹಾಕುತ್ತಿದ್ದ ನುಣುಪಾದ ಮರದ ಗೂಟ ಇದ್ದರೆ ಪಟ್ಟಿ ಬಹುಕಾಲ ಬಾಳುತ್ತದೆ.

ಬಳಕೆಯಲ್ಲಿ

ಸುರುಳಿಯನ್ನು ಒಂದೇ ಜಾಗದಲ್ಲಿ ಕಟ್ಟಿ ತೂಗಿದರೆ ಕೆಳಗಿನ ಸುತ್ತುಗಳು ಹರಡಿಕೊಳ್ಳುತ್ತವೆ. ತೂಗುವ ಪಟ್ಟಿ ಒಂದು, ಅದರ ಜೊತೆಗೆ ರಿಂಗೂ ಕುಣಿಕೆಯೂ ಇಲ್ಲದ ಸಾದಾ ವೆಲ್ಕ್ರೋ ಪಟ್ಟಿ ಎರಡು, ಹೀಗೆ ಮೂರು ಕಡೆ ಹಿಡಿದರೆ ಸುರುಳಿ ಚಕ್ರದಂತೆ ನಿಲ್ಲುತ್ತದೆ. ಬಿಚ್ಚುವಾಗ ತೂಗುವ ಪಟ್ಟಿಯನ್ನು ಕೊನೆಗೆ, ಸುರುಳಿಯನ್ನು ನೆಲಕ್ಕಿಳಿಸಿದ ಮೇಲೆಯೇ ಬಿಚ್ಚಿ. ಪೈಪು ತೋಟದಲ್ಲಿರುವಾಗ ಪಟ್ಟಿಯ ವೆಲ್ಕ್ರೋವನ್ನು ಮುಚ್ಚಿಯೇ ಗೂಟಕ್ಕೆ ಹಾಕಿರಿ. ತೆರೆದಿಟ್ಟರೆ ಕೊಕ್ಕೆಗಳಲ್ಲಿ ಅಡಿಕೆ ಸಿಪ್ಪೆಯ ನಾರು, ಕೂದಲು, ಗೋಣಿದಾರ ಎಲ್ಲವೂ ತುಂಬಿಕೊಂಡು ಹಿಡಿತ ತಗ್ಗುತ್ತದೆ. ತುಂಬಿದ್ದನ್ನು ಸೂಜಿಯಿಂದ ಎಬ್ಬಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಡ್ಡಡ್ಡ ಉಜ್ಜಿದರೆ ಬಹುಪಾಲು ಹೋಗುತ್ತದೆ. ಔಷಧಿ ಹೊಡೆದ ದಿನ ಪೈಪಿನ ಜೊತೆ ಪಟ್ಟಿಯನ್ನೂ ಬರಿಯ ನೀರಿನಲ್ಲಿ ತೊಳೆಯಿರಿ, ಒಣಗಿ ಗಟ್ಟಿಯಾದ ಸುಣ್ಣ ಮೆತ್ತನೆಯ ಭಾಗದ ಕುಣಿಕೆಗಳನ್ನು ಮುಚ್ಚಿಬಿಡುತ್ತದೆ. ಬಿಸಿನೀರೂ ಇಸ್ತ್ರಿಯೂ ಬೇಡ.

ವಿದ್ಯುತ್ತಿನ ಎಕ್ಸ್‌ಟೆನ್ಶನ್ ವೈರಿಗೆ ಇದೇ ಮಾದರಿಯನ್ನು 20 ಮಿ.ಮೀ. ಅಗಲಕ್ಕೆ ಇಳಿಸಿ, ರಿಂಗಿನ ಬದಲು ಅದೇ ಪಟ್ಟಿಯ ಸಣ್ಣ ಕುಣಿಕೆಯೊಂದನ್ನು ಮಾಡಿ ಬಳಸಬಹುದು. ಎರಡು ಎಚ್ಚರಿಕೆ ಮಾತ್ರ: ವೈರು ತಿರುಚುವಷ್ಟು ಬಿಗಿಯಬೇಡಿ, ಮತ್ತು ಸುರುಳಿ ಕಟ್ಟಿ ತೂಗಿದ ಸ್ಥಿತಿಯಲ್ಲೇ ಅದರಿಂದ ಮೋಟಾರು, ಹೀಟರು ಓಡಿಸಬೇಡಿ, ಒತ್ತಾಗಿ ಸುತ್ತಿದ ವೈರಿನ ಬಿಸಿ ಹೊರಹೋಗಲಾರದೆ ಮೇಲಿನ ಕವಚ ಕರಗುತ್ತದೆ. ಇನ್ನು ಮರ ಹತ್ತುವವರ ಸೊಂಟಕ್ಕೋ, ಮೇಲಕ್ಕೆ ಸಾಮಾನು ಎಳೆಯುವ ಹಗ್ಗಕ್ಕೋ ಈ ಪಟ್ಟಿಯನ್ನು ಯಾವ ಕಾರಣಕ್ಕೂ ಜೋಡಿಸಬಾರದು. ನಾಲ್ಕು ಪದರದ ಚೌಕದಲ್ಲಿ ಒಂದು ಸಾಲು ದಾರ ಬಿಟ್ಟಿದ್ದು ಕಂಡರೆ ಮೇಲೆ ಮತ್ತೆ ಹೊಲಿದು ಮುಚ್ಚಬೇಡಿ, ಹಳೆಯ ದಾರವನ್ನು ಪೂರ್ತಿ ಬಿಚ್ಚಿ, ಹೊಸ ತೂತುಗಳು ಹಳೆಯವುಗಳ ಪಕ್ಕದಲ್ಲಿ ಬೀಳುವಂತೆ ಚೌಕವನ್ನು ಒಂದೆರಡು ಮಿ.ಮೀ. ಸರಿಸಿ ಹೊಲಿಯಿರಿ.